ಕಡವೆ ಇರುವ ಬೆಟ್ಟದಲ್ಲಿ ನಡೆಯುವ ಕ್ರಮ: ಚಾರಣಿಗರಿಗೆ, ಹೋಂಸ್ಟೇಯವರಿಗೆ ಒಂದು ಮಾರ್ಗದರ್ಶಿ

ಕುದುರೆಮುಖಕ್ಕೋ ಕುಮಾರ ಪರ್ವತಕ್ಕೋ ಹೋಗಿ ಬಂದವರನ್ನು ಕೇಳಿ ನೋಡಿ. ‘ವ್ಯೂ ಸೂಪರ್, ಆದ್ರೆ ಪ್ರಾಣಿ ಒಂದೂ ಕಾಣಿಸಲಿಲ್ಲ’ ಅನ್ನುತ್ತಾರೆ. ಅದೇ ಜಾಡಿನಲ್ಲಿ ಬೆಳಿಗ್ಗೆ ಬೇಗ ಒಬ್ಬ ಫಾರೆಸ್ಟ್ ವಾಚರ್ ಹಿಂದೆ ನಡೆದರೆ ಕಥೆಯೇ ಬೇರೆ. ರಾತ್ರಿ ದಾಟಿಹೋದ ಕಡವೆಯ ಗೊರಸಿನ ಗುರುತು, ಇನ್ನೂ ಹೊಳೆಯುವ ಹಸಿ ಹಿಕ್ಕೆ, ಕೊಂಬು ತಿಕ್ಕಿ ತೊಗಟೆ ಎದ್ದ ಮರ, ಒಂದೊಂದಾಗಿ ತೋರಿಸುತ್ತಾರೆ. ಪ್ರಾಣಿ ಅಲ್ಲೇ ಇದೆ. ನಾವು ಹೋಗುವ ಹೊತ್ತಿಗೆ ಹೊರಗೆ ಬರುವುದಿಲ್ಲ, ಅಷ್ಟೆ.

ಯಾಕೆ ಬರುವುದಿಲ್ಲ, ಅದರಿಂದ ಕಾಡಿಗೂ ಅರಣ್ಯ ಇಲಾಖೆಗೂ ಏನು ತೊಂದರೆ, ನಾವು ಹೇಗೆ ನಡೆದರೆ ತೊಂದರೆ ಕಮ್ಮಿ ಅನ್ನುವುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಎಲ್ಲದರ ಬುಡದಲ್ಲಿ ಇರುವುದು ಒಂದೇ ಮಾತು: ಬೆಟ್ಟದ ಜಿಂಕೆಗೆ ನೀವು ಎಲ್ಲಿಂದ, ಯಾವಾಗ, ಹೇಗೆ ಬರುತ್ತೀರಿ ಅನ್ನುವುದು ಮೊದಲೇ ಗೊತ್ತಾಗುವಂತಿರಬೇಕು. ಊಹೆಗೆ ಸಿಗುವ ಮನುಷ್ಯನ ಜೊತೆ ಅದು ಹೇಗೋ ಹೊಂದಿಕೊಳ್ಳುತ್ತದೆ. ಊಹೆಗೆ ಸಿಗದವನನ್ನು ಕಂಡರೆ ಜಾಗ ಬಿಡುತ್ತದೆ.

ಮೊದಲು, ಯಾವ ಜಿಂಕೆ ಎಲ್ಲಿರುತ್ತದೆ ತಿಳಿದುಕೊಳ್ಳಿ

ಪಶ್ಚಿಮ ಘಟ್ಟದ ಎತ್ತರದಲ್ಲಿ ಮುಖ್ಯವಾಗಿ ಇರುವುದು ಕಡವೆ. ನಮ್ಮ ದೇಶದ ಅತಿ ದೊಡ್ಡ ಜಿಂಕೆ. ಚೆನ್ನಾಗಿ ಬೆಳೆದ ಗಂಡು 200 ಕೆ.ಜಿ. ಸುಲಭವಾಗಿ ದಾಟುತ್ತದೆ. ಇಷ್ಟು ದೊಡ್ಡ ಪ್ರಾಣಿ ಹತ್ತು ಮಾರು ದೂರದ ಹಳುವಿನಲ್ಲಿ ನಿಂತಿದ್ದರೂ ನಮಗೆ ಕಾಣದೇ ಇರಬಲ್ಲದು. ಹಗಲು ಶೋಲಾ ಕಾಡಿನ (ಹುಲ್ಲುಬೆಟ್ಟಗಳ ಮಡಿಕೆಯಲ್ಲಿ ಬೆಳೆಯುವ ದಟ್ಟ ಹಸಿರು ಕಾಡು) ತಂಪಿನಲ್ಲಿ ಮಲಗಿ ಮೆಲುಕು ಹಾಕುತ್ತದೆ. ಸಂಜೆ ಬೆಳಕು ಇಳಿದ ಮೇಲೆ ಪಕ್ಕದ ಹುಲ್ಲುಗಾವಲಿಗೆ ಬಂದು ಮೇಯುತ್ತದೆ. ಬೆಳಕು ಹರಿದು ಸ್ವಲ್ಪ ಹೊತ್ತಿಗೆ ಮತ್ತೆ ಕಾಡಿನೊಳಗೆ. ಹುಲಿಗೆ ಬಹಳ ಬೇಕಾದ ಬೇಟೆ ಇದು. ಅಳಿವಿನ ಅಪಾಯದಲ್ಲಿರುವ ಜೀವಿಗಳ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ 2008ರಿಂದ ‘ವಲ್ನರಬಲ್’, ಅಂದರೆ ಅಪಾಯಕ್ಕೆ ಈಡಾಗಬಲ್ಲದ್ದು, ಎಂದು ನಮೂದಾಗಿದೆ. ಜಿಂಕೆ ತಾನೇ, ಎಲ್ಲೆಲ್ಲೂ ಇರುತ್ತೆ ಅಂದುಕೊಳ್ಳುವ ಹಾಗಿಲ್ಲ.

ಕಾಡುಕುರಿ ಇದಕ್ಕಿಂತ ತೀರಾ ಚಿಕ್ಕದು, ಒಂಟಿಯಾಗಿ ಓಡಾಡುತ್ತದೆ, ಹೆದರಿದರೆ ನಾಯಿಯ ಹಾಗೆ ಬೊಗಳುತ್ತದೆ. ಬರ್ಕ ಮೊಲದಷ್ಟೇ ಇರುವ ರಾತ್ರಿಜೀವಿ. ವಿಜ್ಞಾನದ ಲೆಕ್ಕದಲ್ಲಿ ನಿಜವಾದ ಜಿಂಕೆಯೂ ಅಲ್ಲ. ಚುಕ್ಕೆ ಜಿಂಕೆ ತಗ್ಗಿನ ಬಯಲು ಕಾಡಿನದು. ಬಂಡೀಪುರದಲ್ಲಿ ರಾಶಿ ರಾಶಿ ಕಾಣುತ್ತದೆ, ಕಡಿದಾದ ಬೆಟ್ಟ ಅದಕ್ಕೆ ಒಗ್ಗುವುದಿಲ್ಲ.

ಗಮನಿಸಬೇಕಾದ್ದು ಶೋಲಾ ಕಾಡು ಮುಗಿದು ಹುಲ್ಲು ಶುರುವಾಗುವ ಆ ಅಂಚು. ಕಡವೆಯ ಊಟ ಹೊರಗೆ, ಅಡಗುದಾಣ ಒಳಗೆ. ಹೆದರಿಕೆಯಾದರೆ ನಾಲ್ಕು ನೆಗೆತಕ್ಕೆ ಒಳಗೆ ಸೇರುವಷ್ಟು ದೂರದಲ್ಲೇ ಅದು ಮೇಯಲು ನೋಡುತ್ತದೆ. ನಮ್ಮ ಚಾರಣದ ಜಾಡುಗಳೂ ಎಷ್ಟೋ ಕಡೆ ಇದೇ ಅಂಚಿನಲ್ಲಿ ಹೋಗುತ್ತವೆ. ನೆರಳಿದೆ, ಪಕ್ಕದಲ್ಲೇ ತೊರೆ ಇದೆ, ಕೂತು ಬುತ್ತಿ ಬಿಚ್ಚಲು ಹೇಳಿ ಮಾಡಿಸಿದ ಜಾಗ. ಗಲಾಟೆ ಶುರುವಾಗುವುದೇ ಅಲ್ಲಿ.

ಅದು ಲೆಕ್ಕ ಹಾಕುವ ರೀತಿ

ಓಡುವುದು ಜಿಂಕೆಗೆ ಪುಕ್ಕಟೆ ಅಲ್ಲ. ಓಡಿದಷ್ಟು ಹೊತ್ತು ಮೇವಿಲ್ಲ, ಮೆಲುಕಿಲ್ಲ, ಶಕ್ತಿ ಖರ್ಚು. ಹಾಗಾಗಿ ಪ್ರತಿ ಸಲ ಮನುಷ್ಯನನ್ನು ಕಂಡಾಗಲೂ ಅದು ಓಡುವುದಿಲ್ಲ, ತೂಗಿ ನೋಡುತ್ತದೆ. ದಿನಾ ಒಂದೇ ಜಾಡಿನಲ್ಲಿ, ಒಂದೇ ಹೊತ್ತಿಗೆ, ಮಾತಾಡಿಕೊಂಡು ದಾಟುವವರನ್ನು ಬಲ್ಲ ಕಡವೆ ತಲೆ ಎತ್ತಿ ನೋಡುತ್ತದೆ, ಕಿವಿ ತಿರುಗಿಸುತ್ತದೆ, ಮತ್ತೆ ಮೇಯುತ್ತದೆ. ಜಾಡು ಬಿಟ್ಟು ಇಳಿದು, ಸದ್ದಿಲ್ಲದೆ, ನಿಂತು ನಿಂತು, ತನ್ನ ಕಡೆಗೇ ದಿಟ್ಟಿಸುತ್ತ ಬರುವ ಒಬ್ಬನೇ ಒಬ್ಬ ಮನುಷ್ಯ ಅದಕ್ಕೆ ಬೇರೆಯೇ. ಹುಲಿ ಬರುವುದೂ ಹಾಗೇ, ಕೋವಿ ಹಿಡಿದವನು ಬರುವುದೂ ಹಾಗೇ. ಕ್ಯಾಮೆರಾ ಹಿಡಿದವನು ಬೇರೆ ಅಂತ ಅದಕ್ಕೆ ಹೇಳುವವರು ಯಾರು?

ಹೀಗೆ ಮತ್ತೆ ಮತ್ತೆ ಬೆದರಿದ ಪ್ರಾಣಿ ಎರಡು ಕೆಲಸ ಮಾಡುತ್ತದೆ. ಜಾಗ ಬದಲಿಸುತ್ತದೆ, ಇಲ್ಲಾ ಹೊತ್ತು ಬದಲಿಸುತ್ತದೆ. ಹೊತ್ತು ಬದಲಿಸುವ ಬಗ್ಗೆ 2018ರಲ್ಲಿ ಕೇಟ್ಲಿನ್ ಗೇನರ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಆರು ಖಂಡಗಳ 62 ಜಾತಿಯ ಸಸ್ತನಿಗಳ ಮೇಲೆ ನಡೆದಿದ್ದ 76 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ್ದರು. ಹಗಲು ಅರ್ಧ, ರಾತ್ರಿ ಅರ್ಧ ಓಡಾಡುತ್ತಿದ್ದ ಪ್ರಾಣಿ ಮನುಷ್ಯರ ಓಡಾಟ ಇರುವ ಕಡೆ ರಾತ್ರಿಯ ಪಾಲನ್ನು ಶೇ. 68ಕ್ಕೆ ಏರಿಸಿಕೊಳ್ಳುತ್ತದೆ ಅನ್ನುವುದು ಅವರ ಲೆಕ್ಕ. ಚಾರಣದವರು ಓದಲೇಬೇಕಾದ ಸಾಲು ಇನ್ನೊಂದಿದೆ. ಬೇಟೆಗೆ ಪ್ರಾಣಿಗಳು ಹೇಗೆ ಪ್ರತಿಕ್ರಿಯಿಸಿದವೋ, ಸುಮ್ನೆ ನಡೆದುಹೋಗುವವರಿಗೂ ಹೆಚ್ಚುಕಮ್ಮಿ ಹಾಗೆಯೇ ಪ್ರತಿಕ್ರಿಯಿಸಿದ್ದವು. ‘ನಾವೇನೂ ಮಾಡಲ್ಲ ಸಾರ್, ಸುಮ್ನೆ ನೋಡಿಕೊಂಡು ಬರ್ತೀವಿ’ ಅನ್ನುವ ಮಾತು ಅಷ್ಟೇನೂ ನಿಲ್ಲುವುದಿಲ್ಲ ಅಂತಾಯಿತು.

ಸ್ವಿಸ್ ಬೆಟ್ಟದ ಒಂದು ಕಣಿವೆ

ಇದನ್ನು ಕಣ್ಣಾರೆ ನೋಡಬೇಕಾದರೆ ಸ್ವಿಟ್ಜರ್‌ಲ್ಯಾಂಡಿನ ಪೂರ್ವ ಮೂಲೆಯ ಎಂಗಡೀನ್ ಕಣಿವೆಗೆ ಹೋಗಬೇಕು. ಅಲ್ಲಿನ ಸ್ವಿಸ್ ರಾಷ್ಟ್ರೀಯ ಉದ್ಯಾನ 1914ರ ಆಗಸ್ಟ್ 1ರಂದು ಶುರುವಾಯಿತು. ಸುಮಾರು 170 ಚದರ ಕಿ.ಮೀ. ವಿಸ್ತಾರ. ನಿಯಮಗಳು ಕಟ್ಟುನಿಟ್ಟು. ಗುರುತು ಹಾಕಿದ ಜಾಡು ಬಿಟ್ಟು ಒಂದು ಹೆಜ್ಜೆಯೂ ಆಚೆ ಇಡುವಂತಿಲ್ಲ. ನಾಯಿ ತರುವಂತಿಲ್ಲ, ಹಗ್ಗ ಕಟ್ಟಿದ್ದರೂ. ಟೆಂಟ್ ಇಲ್ಲ, ಸೈಕಲ್ ಇಲ್ಲ. ಚಳಿಗಾಲದಲ್ಲಿ ಒಳಗೆ ಪ್ರವೇಶವೇ ಇಲ್ಲ. ಬೇಟೆ ಶುರುವಿನಿಂದಲೂ ನಿಷೇಧ.

ಈ ಉದ್ಯಾನದ ವಾಲ್ ಟ್ರುಪ್‌ಚುನ್ ಎಂಬ ಕಣಿವೆಗೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಜನ ಸಾಲುಗಟ್ಟಿ ಹೋಗುತ್ತಾರೆ. ಅದು ಅಲ್ಲಿನ ಕೆಂಪು ಜಿಂಕೆಗಳಿಗೆ ಬೆದೆಯ ಕಾಲ. ಗಂಡುಗಳು ಕಣಿವೆ ನಡುಗುವ ಹಾಗೆ ಗೂಳಿಡುತ್ತವೆ. ಜಾಡಿನ ಪಕ್ಕ ಕೂತವರು ಬೈನಾಕ್ಯುಲರ್ ಹಿಡಿದು ಎದುರಿನ ಇಳಿಜಾರಿನಲ್ಲಿ ಹಗಲು ಹೊತ್ತಿನಲ್ಲೇ ಇದನ್ನೆಲ್ಲ ನೋಡುತ್ತಾರೆ. ಅಷ್ಟು ಜನ ಇದ್ದರೂ ಜಿಂಕೆಗಳು ಓಡುವುದಿಲ್ಲ. ಮನುಷ್ಯ ಎಲ್ಲಿರುತ್ತಾನೆ ಅಂತ ಅವಕ್ಕೆ ಗೊತ್ತು. ಆ ಗೆರೆ ದಾಟಿ ಬರುವುದಿಲ್ಲ ಅಂತಲೂ ಗೊತ್ತು.

ಇನ್ನು ಗೆರೆಯ ಆಚೆ ಏನು ನಡೆಯುತ್ತದೆ ನೋಡಿ. ಉದ್ಯಾನದ ಹೊರಗೆ ಗ್ರಾವ್‌ಬುಂಡನ್ ಪ್ರಾಂತ್ಯದಲ್ಲಿ ಸೆಪ್ಟೆಂಬರ್ ಅಂದರೆ ಬೇಟೆಯ ತಿಂಗಳು. ಲೈಸೆನ್ಸ್ ಇರುವ ಬೇಟೆಗಾರರು ಬೆಟ್ಟ ಹತ್ತುತ್ತಾರೆ. ಜಿಂಕೆಗಳು ಉದ್ಯಾನದ ಒಳಗೆ ಉಳಿದುಬಿಡುತ್ತವೆ, ಹೊರಗಿದ್ದವೂ ಒಳಗೆ ಸೇರಿಕೊಳ್ಳುತ್ತವೆ. ಹೊರಗೆ ಬಂದರೂ ರಾತ್ರಿ ಮಾತ್ರ. ಹೀಗಾಗಿ ಇಷ್ಟು ಜಿಂಕೆ ಹೊಡೆಯಬೇಕು ಎಂದು ಸರ್ಕಾರ ಹಾಕಿದ ಗುರಿ ಸೆಪ್ಟೆಂಬರಿನಲ್ಲಿ ಮುಟ್ಟುವುದಿಲ್ಲ. ಗುರಿ ಯಾಕೆ ಅಂತೀರಾ? ತೋಳಗಳು ಮತ್ತೆ ಕಾಲಿಡುತ್ತಿರುವುದು ಈಚೆಗೆ. ಅಲ್ಲಿಯವರೆಗೂ ಜಿಂಕೆ ತಿನ್ನುವವರೇ ಇರಲಿಲ್ಲ. ಸಂಖ್ಯೆ ಏರಿದಂತೆ ಕೆಳಗಿನ ಕಾಡಿನ ಎಳೆ ಗಿಡಗಳನ್ನು ತಿಂದು ಹಾಕುತ್ತವೆ. ಹಿಮ ಕುಸಿತದಿಂದ ಊರುಗಳನ್ನು ಕಾಯುವುದು ಅದೇ ಕಾಡು. ಕೊನೆಗೆ ನವೆಂಬರ್, ಡಿಸೆಂಬರಿನಲ್ಲಿ, ಹಿಮ ಬಿದ್ದು ಜಿಂಕೆಗಳು ಉದ್ಯಾನದಿಂದ ಕೆಳಗಿಳಿದ ಮೇಲೆ, ಎರಡನೇ ಸುತ್ತಿನ ವಿಶೇಷ ಬೇಟೆ ಇಡಬೇಕಾಗುತ್ತದೆ. ಈ ವಿಶೇಷ ಬೇಟೆಯ ಬಗ್ಗೆ ಅಲ್ಲಿ ಜಗಳ ಇದ್ದೇ ಇದೆ. ಮನುಷ್ಯ ಹೆದರಿಸಿದ ರೀತಿಗೆ ಜಿಂಕೆ ತನ್ನ ನಡೆ ಬದಲಿಸಿತು, ಜಿಂಕೆಯ ನಡೆಗೆ ಸರ್ಕಾರ ತನ್ನ ಕ್ಯಾಲೆಂಡರ್ ಬದಲಿಸಿತು.

ಚಳಿಗಾಲದಲ್ಲಿ ಬಾಗಿಲು ಹಾಕುವುದಕ್ಕೂ ಕಾರಣ ಇದೆ. ವಿಯೆನ್ನಾದ ವಾಲ್ಟರ್ ಆರ್ನಾಲ್ಡ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೆಂಪು ಜಿಂಕೆ ಚಳಿಗಾಲದ ರಾತ್ರಿಗಳಲ್ಲಿ ಎದೆಬಡಿತ ಇಳಿಸಿ, ಮೈಯ ಹೊರಭಾಗವನ್ನು ತಣ್ಣಗಾಗಲು ಬಿಟ್ಟು ಶಕ್ತಿ ಉಳಿಸುತ್ತದೆ. ಎದೆಯ ಚರ್ಮದಡಿಯ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್‌ವರೆಗೂ ಇಳಿದದ್ದು ದಾಖಲಾಗಿದೆ. ಆ ಸ್ಥಿತಿಯಲ್ಲಿರುವ ಪ್ರಾಣಿಯನ್ನು ಸ್ಕೀ ಮಾಡುವವನೊಬ್ಬ ಎಬ್ಬಿಸಿ ಆಳದ ಹಿಮದಲ್ಲಿ ಓಡಿಸಿದರೆ ಖರ್ಚಾದ ಶಕ್ತಿಯನ್ನು ಅದು ಎಲ್ಲಿಂದ ತರಬೇಕು? ಹತ್ತಿರದ ಮರದ ತೊಗಟೆ ಸುಲಿದು ತಿನ್ನುತ್ತದೆ. ಕಾಡು ನೋಡಿಕೊಳ್ಳುವವರು ‘ಜಿಂಕೆ ಜಾಸ್ತಿಯಾಗಿದೆ, ಹೊಡೆಯಿರಿ’ ಅನ್ನುತ್ತಾರೆ. ತಪ್ಪು ಯಾರದ್ದು, ದಂಡ ಯಾರಿಗೆ.

ನಮ್ಮಲ್ಲಿ ಯಾಕೆ ಇನ್ನೂ ಮುಖ್ಯ

ನಮ್ಮ ಘಟ್ಟದಲ್ಲಿ ಹಿಮವಿಲ್ಲ, ಲೈಸೆನ್ಸ್ ಬೇಟೆಯೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಡವೆ ಹೊಡೆಯುವುದು ಅಪರಾಧ. ಅಂದರೆ ಇಲಾಖೆಯ ಕೈಯಲ್ಲಿ ಜಿಂಕೆಗಳನ್ನು ‘ನಿರ್ವಹಿಸುವ’ ಕೋವಿ ಇಲ್ಲ. ಅದು ನಿರ್ವಹಿಸಬಹುದಾದ್ದು ಬೆಂಕಿ, ನೀರು, ಮತ್ತು ಮನುಷ್ಯರನ್ನು. ಹುಲಿ, ಚಿರತೆ, ಕೆನ್ನಾಯಿ ಉಳಿದದ್ದನ್ನು ನೋಡಿಕೊಳ್ಳುತ್ತವೆ.

ಕಡವೆಗಳು ರಾತ್ರಿಗೆ ಸರಿದು ಕಡಿದಾದ ಕಾಡಿಗೆ ಸೇರಿಕೊಂಡರೆ ಒಳ್ಳೆಯ ಹುಲ್ಲು ಮೇಯದೆ ಉಳಿಯುತ್ತದೆ, ಅಡಗಿದ ಜಾಗದ ಎಳೆ ಸಸಿಗಳು ಜಾಸ್ತಿ ತಿಂದು ಹೋಗುತ್ತವೆ. ಹಗಲು ನಡೆದು ಪ್ರಾಣಿ ಎಣಿಸುವವರ ಪುಸ್ತಕದಲ್ಲಿ ಸಂಖ್ಯೆ ಕಮ್ಮಿ ಬರುತ್ತದೆ. ಇರುವ ಪ್ರಾಣಿಯೇ ಕಾಣಿಸದಿದ್ದರೆ ಅದಕ್ಕಾಗಿ ಯೋಜನೆ ಮಾಡುವುದು ಹೇಗೆ? ಅಂಚಿನ ಗದ್ದೆ, ಏಲಕ್ಕಿ ತೋಟಗಳಿಗೆ ರಾತ್ರಿ ನುಗ್ಗುವುದೂ ಹೆಚ್ಚಬಹುದು. ಆಗ ಬೈಗುಳ ತಿನ್ನುವವರು ವಾಚರ್‌ಗಳು.

2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರ ಪರ್ವತದ ಜಾಡಿನಲ್ಲಿ ಜನ ಜಾತ್ರೆಯಂತೆ ನಿಂತ ಫೋಟೊ ಎಲ್ಲರ ಮೊಬೈಲಿಗೂ ಬಂದಿತ್ತು, ನೆನಪಿರಬಹುದು. ಅದರ ಬೆನ್ನಲ್ಲೇ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳಿಗೆ ತಡೆ ಬಂತು, ಆಮೇಲೆ ಒಂದು ಜಾಡಿಗೆ ದಿನಕ್ಕೆ 300 ಜನ ಎಂಬ ಮಿತಿ ಬಂತು. ಹಲವರು ಬೈದರು. ನನಗೆ ಅದು ಸರಿಯಾದ ದಾರಿ ಅನ್ನಿಸುತ್ತದೆ. 300 ಅನ್ನುವ ಅಂಕಿಯೇ ಸರಿಯಾ ಅನ್ನುವುದು ಬೇರೆ ಚರ್ಚೆ. ಆ 300 ಜನ ಒಂದೇ ಜಾಡಿನಲ್ಲಿ ನಡೆದರಾ, ಇಲ್ಲಾ ಮೂವತ್ತು ಕಡೆ ಚದುರಿ ರೀಲ್ಸ್ ಮಾಡಿದರಾ ಅನ್ನುವುದು ಅಂಕಿಗಿಂತ ದೊಡ್ಡದು. ದೀಪಾವಳಿಗೆ ಚಿಕ್ಕಮಗಳೂರಿನ ದೇವಿರಮ್ಮನ ಬೆಟ್ಟ ಹತ್ತುವ ಸಾವಿರಾರು ಭಕ್ತರ ಗದ್ದಲ ವರ್ಷಕ್ಕೊಮ್ಮೆ ಬಂದು ಮುಗಿಯುತ್ತದೆ. ಪ್ರತಿ ಶನಿವಾರ ಹೊಸ ಹೊಸ ಕಡೆಯಿಂದ ಶೋಲಾದೊಳಗೆ ಇಳಿಯುವ ನಾಲ್ಕು ಹುಡುಗರ ಬಗ್ಗೆಯೇ ನನಗೆ ಹೆಚ್ಚು ಚಿಂತೆ.

ಸರಿ, ಈಗ ಹಂತಗಳಿಗೆ ಬರೋಣ.

ಹಂತ 1: ಜಾಡು ಮತ್ತು ಹೊತ್ತು ಗೊತ್ತು ಮಾಡಿ

ಅಧಿಕೃತ ಜಾಡಿಗೆ ಮಾತ್ರ ಬುಕ್ ಮಾಡಿ. ‘ಯಾರಿಗೂ ಗೊತ್ತಿಲ್ಲದ ರೂಟ್’ ತೋರಿಸುತ್ತೇನೆ ಅನ್ನುವ ಗೈಡ್ ಸಿಕ್ಕರೆ ಬೇಡ ಅನ್ನಿ. ಯಾರಿಗೂ ಗೊತ್ತಿಲ್ಲದ ಆ ರೂಟೇ ಕಡವೆಗೆ ಉಳಿದಿರುವ ಜಾಗ. ಕುದುರೆಮುಖದ ತುದಿಗೆ ಹೋಗಿ ಬರಲು ಸುಮಾರು 20 ಕಿ.ಮೀ. ನಡೆಯಬೇಕು, ಒಳಗೆ ರಾತ್ರಿ ತಂಗುವಂತಿಲ್ಲ. ನಿಮ್ಮ ವೇಗ ನೋಡಿಕೊಂಡು, ಸೂರ್ಯ ಮುಳುಗುವ ಒಂದೆರಡು ಗಂಟೆ ಮೊದಲೇ ಕೆಳಗಿರುವ ಹಾಗೆ ಲೆಕ್ಕ ಹಾಕಿ. ಆ ಸಂಜೆಯ ಹೊತ್ತು ಕಡವೆ ಹುಲ್ಲಿಗೆ ಬರುವ ಹೊತ್ತು. ಆಗ ನೀವು ಜಾಡಿನಲ್ಲಿ ಕಾಲೆಳೆಯುತ್ತಿದ್ದರೆ ಅದು ಕಾಡಿನೊಳಗೇ ಕಾಯುತ್ತದೆ, ಕತ್ತಲಾದ ಮೇಲೆ ಬರುತ್ತದೆ.

ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ ಜಾಡು ಮುಚ್ಚಿರುತ್ತಾರೆ. ಆಗ ಕದ್ದು ಹೋಗಬೇಡಿ. ಘಟ್ಟದ ಹುಲ್ಲಿಗೆ ಬೀಳುವ ಬೆಂಕಿ ಬಹುಪಾಲು ಮನುಷ್ಯರಿಂದಲೇ. ಸುಟ್ಟ ಜಾಗದಲ್ಲಿ ಎಳೆ ಹುಲ್ಲು ಚಿಗುರಿದಾಗ ಕಡವೆ, ಕಾಟಿಗಳು (ಕಾಡುಕೋಣಗಳು) ಅಲ್ಲಿಗೆ ಬರುತ್ತವೆ ಅಂತ ಹಳೆಯ ಬೇಟೆಗಾರರಿಗೆ ಚೆನ್ನಾಗಿ ಗೊತ್ತಿತ್ತು. ಬೆಂಕಿ ಹಾಕುತ್ತಿದ್ದ ಕಾರಣಗಳಲ್ಲಿ ಅದೂ ಒಂದು.

ಹಂತ 2: ಗಾಳಿ ನೋಡಿ

ಇದನ್ನು ಹೇಳಿಕೊಡುವವರು ಕಮ್ಮಿ. ಕಡವೆಯ ಕಣ್ಣಿಗಿಂತ ಮೂಗು ಚುರುಕು. ಬೆಟ್ಟದಲ್ಲಿ ಗಾಳಿಗೆ ಒಂದು ದಿನಚರಿ ಇದೆ. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಕೆಳಗೆ ಹರಿಯುತ್ತದೆ. ಬಿಸಿಲು ಬಿದ್ದು ಇಳಿಜಾರು ಕಾದ ಮೇಲೆ ಗಾಳಿ ಮೇಲಕ್ಕೆ ಏರುತ್ತದೆ. ಬಿಸಿಲಿಗೆ ಮುಂಚೆ ನೀವು ಬೆಟ್ಟ ಹತ್ತಿದರೆ ನಿಮ್ಮ ವಾಸನೆ ನಿಮ್ಮ ಹಿಂದಕ್ಕೆ, ಕೆಳಕ್ಕೆ ಹೋಗುತ್ತದೆ. ಮೇಲಿರುವ ಪ್ರಾಣಿಗೆ ನೀವು ಹತ್ತಿರ ಬರುವವರೆಗೂ ಸುಳಿವಿರುವುದಿಲ್ಲ. ಒಂಬತ್ತು ಹತ್ತು ಗಂಟೆಯ ನಂತರ ಹತ್ತಿದರೆ ನಿಮ್ಮ ವಾಸನೆ ನಿಮಗಿಂತ ಮೊದಲೇ ನೆತ್ತಿ ಸೇರಿರುತ್ತದೆ. ಮಳೆಗಾಲದಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಪಡುವಣ ಗಾಳಿಯದ್ದೇ ದರ್ಬಾರು.

ಫೋಟೊದವರು ಇದನ್ನು ಓದಿ ‘ಹಾಗಾದ್ರೆ ಬೆಳಿಗ್ಗೆ ಬೇಗ ಹೋದ್ರೆ ಹತ್ತಿರ ಹೋಗ್ಬಹುದು’ ಅಂದುಕೊಳ್ಳುತ್ತಾರೆ. ನಾನು ಹೇಳುತ್ತಿರುವುದು ಉಲ್ಟಾ. ವಾಸನೆ ಹಿಂದಕ್ಕೆ ಹೋಗುವಾಗ ನೀವು ಇದ್ದಕ್ಕಿದ್ದಂತೆ ತಿರುವಿನಲ್ಲಿ ಎದುರಾಗುತ್ತೀರಿ. ಅಂಥ ಕಡೆ, ಮುಖ್ಯವಾಗಿ ಶೋಲಾದ ಅಂಚಿಗೆ ಬರುವ ಮುಂಚೆ, ನಾಲ್ಕು ಮಾತು ಆಡಿ ಅಥವಾ ಕೋಲಿನಿಂದ ಕಲ್ಲು ತಟ್ಟಿ. ಕಡವೆಗೂ ಒಳ್ಳೆಯದು, ಅದೇ ತಿರುವಿನಲ್ಲಿ ಕಾಟಿ ನಿಂತಿದ್ದರೆ ನಿಮಗೂ ಒಳ್ಳೆಯದು.

ಹಂತ 3: ಗುಂಪು, ಸದ್ದು, ಬಟ್ಟೆ

ಗುಂಪು ಒಟ್ಟಿಗೇ ಇರಲಿ. ಹತ್ತು ಜನ ಒಟ್ಟಿಗೆ ದಾಟಿದರೆ ಅದು ಒಂದು ಸಲದ ತೊಂದರೆ. ಹತ್ತು ಜನ ಅರ್ಧ ಗಂಟೆಗೊಬ್ಬರಂತೆ ದಾಟಿದರೆ ಬೆಳಿಗ್ಗೆಯಿಡೀ ತೊಂದರೆ.

ಸಾಮಾನ್ಯ ದನಿಯಲ್ಲಿ ಮಾತಾಡಿ. ಬ್ಲೂಟೂತ್ ಸ್ಪೀಕರ್ ಬೇಡ, ಕೂಗಿ ಪ್ರತಿಧ್ವನಿ ಕೇಳುವ ಆಟ ಬೇಡ. ಹಾಗಂತ ಕಳ್ಳಹೆಜ್ಜೆಯೂ ಬೇಡ.

ಬಟ್ಟೆಯ ಬಗ್ಗೆ ಒಂದು ತಮಾಷೆಯ ಸಂಗತಿ. ಜಿಂಕೆ ಜಾತಿಯ ಕಣ್ಣಿಗೆ ಕೆಂಪು, ಕೇಸರಿ ನಮಗೆ ಕಂಡಷ್ಟು ಎದ್ದು ಕಾಣುವುದಿಲ್ಲ. ನೀಲಿ ಚೆನ್ನಾಗಿ ಕಾಣುತ್ತದೆ. ಮಿಲಿಟರಿ ಪ್ಯಾಂಟ್ ಹಾಕಿ ಮೇಲೆ ನೀಲಿ ರೈನ್‌ಕೋಟ್ ಹಾಕಿಕೊಂಡವರನ್ನು ಕಂಡಾಗಲೆಲ್ಲ ನನಗೆ ನಗು ಬರುತ್ತದೆ. ದಿಬ್ಬದ ನೆತ್ತಿಯ ಮೇಲೆ ಸಾಲಾಗಿ ನಿಂತರೆ ಯಾವ ಬಣ್ಣವಾದರೂ ಒಂದೇ. ಎರಡೂ ಕಣಿವೆಗಳಿಗೆ ಕಾಣುತ್ತೀರಿ. ಫೋಟೊ ತೆಗೆದು ಬೇಗ ಇಳಿಯಿರಿ.

ಹಂತ 4: ಕಂಡಾಗ ಏನು ಮಾಡಬೇಕು

ಮೊದಲು ನೀವು ಅದನ್ನು ಕಂಡಿರಾ, ಅದು ನಿಮ್ಮನ್ನು ಕಂಡಿತಾ ನೋಡಿ. ತಲೆ ತಗ್ಗಿಸಿ ಮೇಯುತ್ತಿದ್ದರೆ, ಬಾಲ ಸುಮ್ನೆ ನೊಣ ಓಡಿಸುತ್ತಿದ್ದರೆ, ಸರಿ. ನಿಂತಲ್ಲೇ ನೋಡಿ.

ಹೆದರಿದ ಕಡವೆ ಹೀಗೆ ಮಾಡುತ್ತದೆ. ತಲೆ ಎತ್ತಿ ಕಲ್ಲಿನಂತೆ ನಿಲ್ಲುತ್ತದೆ. ಅಗಲದ ಎರಡೂ ಕಿವಿ ನಿಮ್ಮ ಕಡೆ ತಿರುಗುತ್ತವೆ. ಮುಂಗಾಲೊಂದನ್ನು ನಿಧಾನಕ್ಕೆ ಎತ್ತಿ ನೆಲಕ್ಕೆ ಕುಟ್ಟುತ್ತದೆ. ಹತ್ತಿರ ಇದ್ದರೆ ಆ ಸದ್ದು ಕೇಳುತ್ತದೆ. ಬಾಲ ಮೇಲೇಳುತ್ತದೆ. ಕುತ್ತಿಗೆಯ ಕೂದಲು ನಿಮಿರಬಹುದು. ಒಂದೆರಡು ಹೆಜ್ಜೆ ನಿಮ್ಮ ಕಡೆಗೇ ಬಂದರೂ ಬಂದೀತು. ಅದು ಸ್ನೇಹವಲ್ಲ, ನೀವು ಏನು ಅಂತ ಪತ್ತೆ ಮಾಡುತ್ತಿದೆ. ಆಮೇಲೆ ಕಣಿವೆ ಪೂರ್ತಿ ಕೇಳುವ ಹಾಗೆ ‘ಢಾಂಕ್’ ಅಂತ ಒಂದು ಕೂಗು. ಆ ಕೂಗು ಬಂತು ಅಂದರೆ ನೀವು ತಡ ಮಾಡಿದಿರಿ ಅಂತ ಅರ್ಥ.

ಕಾಲು ಕುಟ್ಟುವ ಹೊತ್ತಿಗೇ ನೀವು ದಾರಿ ಬಿಡಬೇಕು. ತಿರುಗಿ ಓಡಬೇಡಿ. ದಿಟ್ಟಿಸುವುದು ನಿಲ್ಲಿಸಿ, ಮುಖ ಪಕ್ಕಕ್ಕೆ ತಿರುಗಿಸಿ, ಜಾಡಿನಲ್ಲೇ ನಿಮ್ಮ ಮಾಮೂಲಿ ವೇಗದಲ್ಲಿ ಮುಂದೆ ಹೋಗಿ. ನಿಂತುಬಿಡುವುದಕ್ಕಿಂತ ನಡೆದುಹೋಗುವುದು ಎಷ್ಟೋ ಸಲ ಮೇಲು. ನಡೆದುಹೋಗುವವರು ಹಾಗೇ ಹೋಗಿಬಿಡುತ್ತಾರೆ ಅಂತ ಅದಕ್ಕೆ ಅಭ್ಯಾಸವಾಗಿರುತ್ತದೆ. ಕಾಡಿನಂಚು ಮತ್ತು ಪ್ರಾಣಿಯ ನಡುವೆ ಮಾತ್ರ ಯಾವತ್ತೂ ಹೋಗಬೇಡಿ. ಅದರ ಅಡಗುದಾಣದ ದಾರಿ ಕಡಿದಂತಾಗುತ್ತದೆ, ಓಡಬಾರದ ದಿಕ್ಕಿಗೆ ಓಡುತ್ತದೆ.

ಡ್ರೋನ್ ಬಗ್ಗೆ ಹೇಳುವುದೇ ಬೇಡ. ಅನುಮತಿ ಇಲ್ಲದೆ ಹಾರಿಸುವಂತಿಲ್ಲ, ಅಷ್ಟೆ.

ನೀವು ಏನೂ ಮಾಡದೆ ‘ಢಾಂಕ್’ ಕೇಳಿದರೆ ಮಾತ್ರ ಸ್ವಲ್ಪ ಹುಷಾರು. ಕಡವೆ ಸುಮ್ಮಸುಮ್ಮನೆ ಕೂಗುವುದಿಲ್ಲ. ಅದು ಕಂಡದ್ದು ಬೇರೆ ಯಾರನ್ನೋ ಇರಬಹುದು. ಕಾಡುಕುರಿಯ ಬೊಗಳು ಅಷ್ಟು ನಂಬಿಕಸ್ಥವಲ್ಲ, ಒಮ್ಮೊಮ್ಮೆ ಏನೇನಕ್ಕೋ ಬಹಳ ಹೊತ್ತು ಬೊಗಳುತ್ತಲೇ ಇರುತ್ತದೆ.

ಹಂತ 5: ಒಂಟಿ ಮರಿ ಸಿಕ್ಕರೆ

ಮುಟ್ಟಬೇಡಿ. ತಾಯಿ ಮರಿಯನ್ನು ಹುಲ್ಲಿನಲ್ಲೋ ಪೊದೆಯಲ್ಲೋ ಅಡಗಿಸಿಟ್ಟು ಮೇಯಲು ಹೋಗುತ್ತದೆ, ಹಾಲು ಕುಡಿಸಲು ಬಂದು ಹೋಗುತ್ತದೆ. ಮರಿ ಅಲುಗಾಡದೆ ಮುದುಡಿ ಮಲಗಿರುತ್ತದೆ. ಅದನ್ನು ‘ತಬ್ಬಲಿ’ ಅಂತ ಎತ್ತಿಕೊಂಡು ಬಂದು, ಬಾಟಲಿ ಹಾಲು ಕುಡಿಸುವ ವಿಡಿಯೊ ಹಾಕಿ, ಆಮೇಲೆ ಫಾರೆಸ್ಟ್ ಆಫೀಸಿಗೆ ಒಪ್ಪಿಸುವವರು ಪುಣ್ಯದ ಕೆಲಸ ಮಾಡಿದೆವು ಅಂದುಕೊಂಡಿರುತ್ತಾರೆ. ಮಾಡಿದ್ದು ತಾಯಿಯಿಂದ ಕಿತ್ತ ಕೆಲಸ. ಗಾಯವಾಗಿದ್ದರೆ, ನಾಯಿಗಳು ಸುತ್ತುವರಿದಿದ್ದರೆ, ಪಕ್ಕದಲ್ಲೇ ತಾಯಿ ಸತ್ತಿದ್ದರೆ ಮಾತು ಬೇರೆ. ಆಗಲೂ ಎತ್ತಬೇಡಿ, ಜಾಗ ಗುರುತಿಟ್ಟುಕೊಂಡು ಇಲಾಖೆಗೆ ಫೋನ್ ಮಾಡಿ.

ಹಂತ 6: ನಾಯಿ ಬೇಡ

ಈ ಹಂತ ಚಿಕ್ಕದು, ಯಾಕೆಂದರೆ ಚರ್ಚೆಗೆ ಜಾಗವಿಲ್ಲ. ಕೆನ್ನಾಯಿಗಳ ಬಾಯಿಗೆ ಸಿಕ್ಕದಂತೆ ತಲೆತಲಾಂತರದಿಂದ ಓಡುತ್ತ ಬಂದ ಪ್ರಾಣಿಗೆ ನಿಮ್ಮ ಮನೆಯ ಲ್ಯಾಬ್ರಡಾರೂ ನಾಯಿಯೇ. ಹೋಂಸ್ಟೇ ನಾಯಿ ಚಾರಣಿಗರ ಹಿಂದೆ ಬೆಟ್ಟ ಹತ್ತುವುದು ನಮ್ಮ ಕಡೆ ಮಾಮೂಲು, ನೋಡಲು ಮುದ್ದಾಗಿಯೂ ಇರುತ್ತದೆ. ಬಿಸ್ಕತ್ ಹಾಕಿ ಕರೆದುಕೊಂಡು ಹೋಗಬೇಡಿ. ಹೊರಡುವ ಮುಂಚೆ ಕಟ್ಟಿಹಾಕಲು ಮನೆಯವರಿಗೆ ಹೇಳಿ.

ಹಂತ 7: ಬೆಟ್ಟದ ರಸ್ತೆಯಲ್ಲಿ

ಕಾಡಿನ ರಸ್ತೆಯಲ್ಲಿ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಗಾಡಿ ಓಡಿಸದಿದ್ದರೆ ಒಳ್ಳೆಯದು. ಬಂಡೀಪುರದ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರ ನಿಷೇಧ 2009ರಲ್ಲಿ ಬಂತು, ಕೋರ್ಟು ಕಚೇರಿ ಸುತ್ತಿಯೂ ನಿಂತಿದೆ. ಅಂಥ ನಿಷೇಧ ಇಲ್ಲದ ಘಟ್ಟದ ರಸ್ತೆಗಳಲ್ಲಿ ಅದು ನಮ್ಮ ವಿವೇಚನೆಗೆ ಬಿಟ್ಟದ್ದು. ಹೋಗಲೇಬೇಕಾದರೆ ನಿಧಾನ. ಒಂದು ದಾಟಿತು ಅಂದರೆ ಹಿಂದೆ ಇನ್ನೊಂದು ಇದೆ ಅಂತಲೇ ಇಟ್ಟುಕೊಳ್ಳಿ. ಡಿಮ್ ಮಾಡಿ, ಹಾರ್ನ್ ಬೇಡ.

ರಸ್ತೆ ಪಕ್ಕ ಹೆದರದೆ ನಿಂತ ಚುಕ್ಕೆ ಜಿಂಕೆಗೆ ಕಡಲೆಕಾಯಿ ಹಾಕುವವರಿಗೆ ಒಂದು ಮಾತು. ಕೆಲವು ಪ್ರಾಣಿಗಳು ಬೇಟೆಗಾರ ಪ್ರಾಣಿಗಳಿಂದ ತಪ್ಪಿಸಿಕೊಳ್ಳಲು ಮನುಷ್ಯರ ಹತ್ತಿರ ಬರುತ್ತವೆ. ಅಮೆರಿಕದ ಯೆಲ್ಲೊಸ್ಟೋನ್ ಸೀಮೆಯಲ್ಲಿ ಮೂಸ್ ಎಂಬ ದೈತ್ಯ ಜಿಂಕೆಗಳು ಕರಡಿಯ ಭಯಕ್ಕೆ ರಸ್ತೆಯ ಹತ್ತಿರ ಮರಿ ಹಾಕುವುದನ್ನು ಜೋಯಲ್ ಬರ್ಗರ್ 2007ರಲ್ಲಿ ತೋರಿಸಿದ್ದರು. ಬಂಡೀಪುರದ ಕ್ಯಾಂಪಸ್ಸಿನ ಹುಲ್ಲಿನಲ್ಲಿ ಸಂಜೆ ಸೇರುವ ಜಿಂಕೆ ಹಿಂಡನ್ನು ನೋಡಿದವರಿಗೆ ಇದು ಹೊಸದಲ್ಲ. ಹತ್ತಿರ ಬಂದಿದೆ ಅಂದ ಮಾತ್ರಕ್ಕೆ ನಿಮ್ಮ ಕೈತುತ್ತು ಬೇಕು ಅಂತಲ್ಲ. ತಿಂಡಿಯ ರುಚಿ ಹತ್ತಿದ ಜಿಂಕೆ ಪ್ಲಾಸ್ಟಿಕ್ಕನ್ನೂ ತಿನ್ನುತ್ತದೆ, ಗಾಡಿಯಡಿಗೂ ಬರುತ್ತದೆ.

ಹಂತ 8: ಹೋಂಸ್ಟೇ, ತೋಟದವರಿಗೆ

ಕಾಡಂಚಿನಲ್ಲಿ ಮನೆ ಇದ್ದರೆ ನಿಮ್ಮ ಒಂದು ನಿರ್ಧಾರ ನೂರು ಚಾರಣಿಗರ ನಡತೆಗಿಂತ ದೊಡ್ಡದು. ಕಾಡಿನ ಕಡೆ ಮುಖ ಮಾಡಿದ ಫೋಕಸ್ ಲೈಟ್ ಆರಿಸಿ. ಬೇಕಾದರೆ ನೆಲಕ್ಕೆ ಮುಖ ಮಾಡಿ ಹಾಕಿ. ಕ್ಯಾಂಪ್‌ಫೈರ್, ಹಾಡು ಅಂಗಳದ ಒಳಗೆ, ಒಂದು ಹೊತ್ತಿನೊಳಗೆ ಮುಗಿಯಲಿ. ಅತಿಥಿಗಳಿಗೆ ಕಡವೆ ತೋರಿಸಬೇಕೆಂದು ಉಪ್ಪು ಇಟ್ಟು ಕರೆಯಬೇಡಿ, ರಾತ್ರಿ ಜೀಪಿನಲ್ಲಿ ಟಾರ್ಚ್ ಬಿಟ್ಟು ಹುಡುಕಬೇಡಿ. ನೋಡಲೇಬೇಕೆಂದರೆ ಜಾಗ ಒಂದೇ ಇರಲಿ. ತೋಟದ ಒಂದು ಮೂಲೆ, ಸಂಜೆ ಒಂದೇ ಹೊತ್ತು, ಕೂತೇ ನೋಡುವುದು, ಬೈನಾಕ್ಯುಲರಿನಲ್ಲಿ. ಸ್ವಿಸ್ ಕಣಿವೆಯಲ್ಲಿ ನಡೆಯುವುದು ನಿಮ್ಮ ಅಂಗಳದಲ್ಲೂ ನಡೆಯಬಹುದು, ತಾಳ್ಮೆ ಬೇಕು.

ಬೆಳೆಗೆ ಬರುವ ಕಡವೆಯನ್ನು ಪಟಾಕಿ, ನಾಯಿ ಬಿಟ್ಟು ಅಟ್ಟಿದರೆ ಪಕ್ಕದವರ ಗದ್ದೆಗೆ ಹೋಗುತ್ತದೆ, ನಾಳೆ ಇನ್ನೂ ತಡರಾತ್ರಿ ಬರುತ್ತದೆ. ಬೇಲಿಯೇ ವಾಸಿ. ಬೇಲಿಗೆ ನೇರ ಕರೆಂಟ್ ಕೊಡುವುದು ಅಪರಾಧ, ಮನುಷ್ಯರೂ ಸಾಯುತ್ತಾರೆ. ಬೆಳೆ ಹಾನಿಗೆ ಇಲಾಖೆಯಿಂದ ಪರಿಹಾರ ಇದೆ. ಬರುವುದು ತಡವಾಗಬಹುದು, ಆದರೂ ಅರ್ಜಿ ಹಾಕಿ. ಯಾವ ಪ್ರಾಣಿ ಎಲ್ಲಿ ಬರುತ್ತಿದೆ ಅಂತ ಕಾಗದದ ಮೇಲೆ ದಾಖಲಾಗುವುದು ಆಗಲೇ.

ಊರೊಳಗೆ ಜಿಂಕೆ ದಾರಿ ತಪ್ಪಿ ಬಂದರೆ ಜನ ಸೇರಿ ಅಟ್ಟುವುದನ್ನು ತಡೆಯಿರಿ. ಅತಿಯಾಗಿ ಓಡಿ, ಹೆದರಿ, ಹಿಡಿಸಿಕೊಂಡ ಜಿಂಕೆಯ ಸ್ನಾಯುಗಳು ಒಳಗೇ ಹಾಳಾಗಿ, ಹೊರಗೆ ಗಾಯವಿಲ್ಲದಿದ್ದರೂ ಕೆಲವು ಗಂಟೆ ಅಥವಾ ದಿನಗಳಲ್ಲಿ ಸಾಯಬಹುದು. ಒಂದು ಕಡೆ ದಾರಿ ಬಿಟ್ಟು, ಉಳಿದವರನ್ನು ದೂರ ನಿಲ್ಲಿಸಿ, ಕತ್ತಲಾಗಲು ಬಿಟ್ಟರೆ ಎಷ್ಟೋ ಸಲ ತಾನೇ ಹೋಗುತ್ತದೆ.

ಹಂತ 9: ಕಂಡದ್ದನ್ನು ಬರೆದಿಡಿ, ತಿಳಿಸಿ

ಮನೆಗೆ ಬಂದ ಮೇಲೆ ನಾಲ್ಕು ಸಾಲು ಬರೆದಿಡಿ. ದಿನಾಂಕ, ಹೊತ್ತು, ಜಾಗ, ಯಾವ ಪ್ರಾಣಿ, ಎಷ್ಟು, ಗಂಡೋ ಹೆಣ್ಣೋ, ಎಷ್ಟು ದೂರದಲ್ಲಿತ್ತು, ನಿಮ್ಮನ್ನು ಕಂಡು ಏನು ಮಾಡಿತು. ಕೊನೆಯ ಎರಡನ್ನು ಯಾರೂ ಬರೆಯುವುದಿಲ್ಲ, ಹೆಚ್ಚು ಉಪಯೋಗ ಅವೇ. ಒಂದೇ ಜಾಡಿಗೆ ವರ್ಷ ವರ್ಷ ಹೋಗುವವರಾದರೆ, ಕಡವೆ ಮೊದಲಿಗಿಂತ ದೂರದಿಂದಲೇ ಓಡುತ್ತಿದೆಯಾ, ಕಾಣುವುದೇ ನಿಂತಿತಾ ಅನ್ನುವುದು ನಿಮ್ಮ ಪುಸ್ತಕದಲ್ಲೇ ಗೊತ್ತಾಗುತ್ತದೆ. ಪ್ರಾಣಿ ಕಾಣದಿದ್ದರೂ ಗುರುತು ಬರೆಯಿರಿ: ಹಿಕ್ಕೆ, ಗೊರಸು, ಕೆಸರಿನಲ್ಲಿ ಹೊರಳಿದ ಗುಂಡಿ. ಅಂಥ ಗುಂಡಿಯ ಹತ್ತಿರದ ಮರದ ಬುಡ ನೋಡಿ; ಮೈ ತಿಕ್ಕಿದ ಕೆಸರು ನಿಮ್ಮ ಎದೆಯ ಎತ್ತರಕ್ಕೆ ಒಣಗಿ ಅಂಟಿದ್ದರೆ, ನಡುವೆ ಒರಟು ಕಂದು ಕೂದಲು ಸಿಕ್ಕಿಕೊಂಡಿದ್ದರೆ, ದೊಡ್ಡ ಕಡವೆಯೊಂದು ಅಲ್ಲಿಗೆ ಬಂದು ಹೋಗಿದೆ.

ಜಾಡಿನಾಚೆ ಬೈಕಿನ ಕ್ಲಚ್ ವೈರಿನಿಂದ ಮಾಡಿದ ಉರುಳು ಕಂಡರೆ ಬಿಚ್ಚಿ ಬಿಸಾಡಬೇಡಿ. ಜಿಪಿಎಸ್ ಆನ್ ಮಾಡಿ ಎರಡು ಫೋಟೊ ತೆಗೆಯಿರಿ, ಒಂದು ಹತ್ತಿರದಿಂದ, ಇನ್ನೊಂದು ಸುತ್ತಲಿನ ಮರ ಕಾಣುವ ಹಾಗೆ. ಒಂದು ಉರುಳು ಇದ್ದ ಕಡೆ ಸಾಮಾನ್ಯವಾಗಿ ಸಾಲಾಗಿ ಇನ್ನಷ್ಟು ಇರುತ್ತವೆ. ನೀವು ಹುಡುಕುತ್ತ ಹೋಗಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926. ಸಿಗ್ನಲ್ ಇರುವ ಜಾಗಕ್ಕೆ ಬಂದು ಫೋನ್ ಮಾಡಿ, ವಲಯದ ಹೆಸರು, ಜಾಡಿನ ಹೆಸರು, ಹೊತ್ತು ಹೇಳಿ. ಫೋಟೊವನ್ನು ಗೇಟಿನಲ್ಲಿರುವ ವಾಚರ್‌ಗೆ ತೋರಿಸಿ ಅವರ ಮೊಬೈಲಿಗೂ ಕಳಿಸಿ. ಲೊಕೇಶನ್ ಸಮೇತ ಇನ್‌ಸ್ಟಾಗ್ರಾಂಗೆ ಹಾಕಬೇಡಿ, ಉರುಳು ಇಟ್ಟವನೂ ಅದನ್ನು ನೋಡುತ್ತಾನೆ.